ಶ್ರಾವಕರ ಮನೆಯಲ್ಲಿ ಈಡು ತುಂಬಿದ ಕೋವಿ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಜಗಲಿಯ ಗೋಡೆಯ ಮೇಲೋ ನಡುಮನೆಯ ಬಾಗಿಲ ಹಿಂದೆಯೋ ಉದ್ದ ನಳಿಗೆಯ ಒಂದು ಕೋವಿ ಇರುವುದು ಅಪರೂಪವಲ್ಲ. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಇರುವ ಕಡೆ ಕೋವಿಯೂ ಇರಬೇಕೆಂಬುದು ನಮ್ಮ ಸೀಮೆಯ ರೂಢಿ. ಇತರರ ಮನೆಗಳ ವಿಚಾರವನ್ನು ಇಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ. ನೀರನ್ನು ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಉಣ್ಣದ, ಗೆಡ್ಡೆಗೆಣಸುಗಳನ್ನು ಒಲ್ಲದ ಶ್ರಾವಕರ ಮನೆಗಳಲ್ಲಿಯೂ ಆ ಕೋವಿ ಇದೆ. ಅದನ್ನು ಕುರಿತು ನಾವು ಇದುವರೆಗೆ ಬಾಯಿ ತೆರೆದು ಮಾತನಾಡಿಲ್ಲ.

ಈಚೆಗೆ ಈ ಕೋವಿಗಳಿಗೆ ಹೊಸ ಮರ್ಯಾದೆ ಬಂದಿದೆ. ಮನೆಯ ತರುಣರು ಅಟ್ಟದಿಂದ ಅವನ್ನು ಇಳಿಸಿ, ತುಕ್ಕು ತೆಗೆದು, ಎಣ್ಣೆ ಸವರಿ, "ಇದು ನಮ್ಮ ಪರಂಪರೆ" ಎನ್ನುತ್ತಿದ್ದಾರೆ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಒಂದು ಈಡು ಹಾರಿಸಿದರೆ ತಪ್ಪೇನೆಂದು ಕೇಳುತ್ತಿದ್ದಾರೆ. ಹೊರದೇಶಗಳಲ್ಲಿ ಜನರು ಸಂಘ ಕಟ್ಟಿಕೊಂಡು ನೂರೈವತ್ತು ವರ್ಷ ಹಳೆಯ ಸೈನಿಕ ಕೋವಿಗಳನ್ನು ಕೊಂಡು, ಕರಿಮದ್ದು ತುಂಬಿ, ಗುರಿ ಹೊಡೆಯುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ನಮಗೇಕೆ ಅದು ಬೇಡ ಎನ್ನುವವರೂ ಇದ್ದಾರೆ. ಇದೆಲ್ಲ ಹುಡುಗುತನವೆಂದು ನಾನು ಸುಮ್ಮನಿದ್ದೆ. ಆದರೆ ಒಂದು ಬಸದಿಯ ವಿಶ್ವಸ್ತರ ಸಭೆಯಲ್ಲಿ ಒಬ್ಬ ಹಿರಿಯರು ತಮ್ಮ ಮನೆತನದ ಕೋವಿಯನ್ನು ಬಸದಿಗೆ ಒಪ್ಪಿಸುವೆವೆಂದೂ, ಅದನ್ನು ಕಚೇರಿಯ ಗೋಡೆಯಲ್ಲಿ ಇಡಬಹುದು, ತೋಟ ಕಾಯುವವನಿಗೆ ಬೇಕಾದಾಗ ಕೊಡಲೂಬಹುದು ಎಂದೂ ಹೇಳಿದರು. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಾನೂ ಅಲ್ಲಿದ್ದೆ, ನಾನೂ ಬೇಡವೆನ್ನಲಿಲ್ಲ. ಅಂದು ಆಡದೆ ಉಳಿದ ಮಾತನ್ನು ಇಂದು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಡು ತುಂಬಬಲ್ಲ ಕೋವಿ ಜೈನ ಶ್ರಾವಕನ ಮನೆಯಲ್ಲಿ ಇರತಕ್ಕದ್ದಲ್ಲ. ಬಸದಿಯ ಆವರಣದಲ್ಲಂತೂ ಅದಕ್ಕೆ ಸ್ಥಳವೇ ಇಲ್ಲ. ಹಳೆಯದೆಂಬ ಕಾರಣದಿಂದ ಅದರ ದೋಷ ಕಡಿಮೆಯಾಗುವುದಿಲ್ಲ. ಹಳೆಯ ಕೋವಿಯ ರಚನೆಯೇ ಅದರ ದೋಷವನ್ನು ನಮಗೆ ಹೆಚ್ಚು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಈಡು ತುಂಬುವ ಕ್ರಮ

ನಮ್ಮ ಕಡೆಯ ಹಳೆಯ ಕೋವಿಗಳಲ್ಲಿ ಹೆಚ್ಚಿನವು ಕೇಪಿನ ಕೋವಿಗಳು. ತೋಟಾ ಕೋವಿಯಂತೆ ಹಿಂದಿನಿಂದ ಮಡಿಸಿ ತೋಟಾ ಸೇರಿಸುವ ಅನುಕೂಲ ಇವಕ್ಕಿಲ್ಲ. ನಳಿಗೆಯ ಬುಡ ಮುಚ್ಚಿರುತ್ತದೆ. ತುಂಬುವುದೆಲ್ಲ ಬಾಯಿಯ ಕಡೆಯಿಂದ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಮೊದಲು ಮದ್ದನ್ನು ಅಳೆದು ಸುರಿಯಬೇಕು. ಈ ಕರಿಮದ್ದು ನೂರು ಭಾಗದಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಅದರ ಮೇಲೆ ತೆಂಗಿನ ಕತ್ತದ ಉಂಡೆಯನ್ನು ಇಟ್ಟು ಕಬ್ಬಿಣದ ಗಜದಿಂದ ಗಿಡಿಯಬೇಕು. ಆಮೇಲೆ ಸೀಸದ ಚರೆಯನ್ನೋ ಒಂಟಿ ಗುಂಡನ್ನೋ ಹಾಕಿ, ಅದು ಉರುಳಿ ಬೀಳದಂತೆ ಮತ್ತೊಂದು ಉಂಡೆಯನ್ನಿಟ್ಟು ಮತ್ತೆ ಗಿಡಿಯಬೇಕು. ಕುದುರೆಯನ್ನು ಅರ್ಧ ಎತ್ತಿ, ಬುಡದಲ್ಲಿರುವ ತೂತುಳ್ಳ ಸಣ್ಣ ಮೊಳೆಯ ಮೇಲೆ ತಾಮ್ರದ ಕೇಪನ್ನು ಕೂರಿಸಬೇಕು. ಕೊನೆಗೆ ಕುದುರೆಯನ್ನು ಪೂರ್ತಿ ಎಳೆದು, ಗುರಿ ಹಿಡಿದು, ಕೀಲನ್ನು ಒತ್ತಬೇಕು.

ಹತ್ತೊಂಬತ್ತನೆಯ ಶತಮಾನದ ಸೈನಿಕ ಕೋವಿಯ ಕ್ರಮವೂ ಬಹುಮಟ್ಟಿಗೆ ಇದೇ. 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ನಳಿಗೆಯೊಳಗೆ ಸುರುಳಿಗೀರುಗಳಿದ್ದವು. ಮದ್ದೂ ಗುಂಡೂ ಒಂದೇ ಕಾಗದದ ಸುರುಳಿಯಲ್ಲಿ ಬರುತ್ತಿದ್ದವು. ಗುಂಡು ಸುಮಾರು 34 ಗ್ರಾಂ ತೂಕದ ಸೀಸ. ಚೆನ್ನಾಗಿ ತರಬೇತಿ ಪಡೆದ ಸಿಪಾಯಿ ನಿಮಿಷಕ್ಕೆ ಮೂರು ಸಲ ಅದನ್ನು ತುಂಬಿ ಹಾರಿಸಬಲ್ಲವನಾಗಿದ್ದ. ನಮ್ಮ ತೋಟದ ಯಜಮಾನನಿಗೆ ಒಂದು ಈಡು ತುಂಬಲು ಒಂದೆರಡು ನಿಮಿಷವಾದರೂ ಬೇಕು.

ಈ ಒಂದೆರಡು ನಿಮಿಷಗಳನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕಾಲಿನ ಕೆಳಗೆ ಇರುವೆ ಸಿಕ್ಕಿ ಸತ್ತರೆ ಅರಿಯದೆ ಆಯಿತೆನ್ನಬಹುದು. ಕೋಪದಲ್ಲಿ ಕೈ ಎತ್ತಿದವನು ಮುಂದಿನ ಕ್ಷಣವೇ ಪಶ್ಚಾತ್ತಾಪ ಪಡಬಹುದು. ಮದ್ದು ಅಳೆದು, ಗಜದಿಂದ ಗಿಡಿದು, ಚರೆ ಎಣಿಸಿ, ಕೇಪು ಕೂರಿಸಿದವನು ಮಾತ್ರ ಅರಿಯದೆ ಆಯಿತೆಂದು ಯಾವ ಬಾಯಿಯಿಂದ ಹೇಳಿಯಾನು? ಪ್ರತಿಯೊಂದು ಹಂತದಲ್ಲಿಯೂ ಕೈಯನ್ನು ಹಿಂತೆಗೆಯಲು ಅವನಿಗೆ ಅವಕಾಶವಿತ್ತು.

ನೂರೆಂಟು ಬಾಗಿಲುಗಳು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವವನ್ನು ವಿವರಿಸುವಾಗ ಕರ್ಮವು ಜೀವನನ್ನು ಹೊಗುವ ನೂರೆಂಟು ಬಗೆಗಳನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು; ಮನಸ್ಸು, ಮಾತು, ಕಾಯ ಎಂದು ಮೂರು; ಕೃತ, ಕಾರಿತ, ಅನುಮೋದಿತ ಎಂದು ಮೂರು; ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಪರಸ್ಪರ ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ನಮ್ಮ ಹಿರಿಯರು ಹೇಳುತ್ತಿದ್ದ ಕಾರಣವೂ ಇದೇ.

ಕೇಪಿನ ಕೋವಿಯನ್ನು ತುಂಬುವವನು ಈ ಲೆಕ್ಕವನ್ನು ತನ್ನ ಕೈಯಾರೆ ಮಾಡುತ್ತಾನೆ. ಮಂಗವನ್ನು ಹೊಡೆಯಬೇಕೆಂದು ನಿಶ್ಚಯಿಸಿ ಗೋಡೆಯ ಕಡೆ ನಡೆದದ್ದು ಸಂರಂಭ. ಮದ್ದು, ಕತ್ತ, ಚರೆ, ಕೇಪುಗಳನ್ನು ಕೂಡಿಸಿದ್ದು ಸಮಾರಂಭ. ಗುರಿ ಹಿಡಿದು ಕೀಲನ್ನು ಒತ್ತಿದ್ದು ಆರಂಭ. ತಾನೇ ಹೊಡೆದರೆ ಕೃತ. ಆಳಿನಿಂದ ಹೊಡೆಸಿದರೆ ಕಾರಿತ. ಪಕ್ಕದ ಮನೆಯವನು ಹೊಡೆದದ್ದನ್ನು ಕೇಳಿ ಒಳ್ಳೆಯದಾಯಿತೆಂದರೆ ಅನುಮೋದಿತ. ಬಾಳೆಗೊನೆ ಹಾಳಾಯಿತೆಂದು ಹೊಡೆದರೆ ಕ್ರೋಧ. ಅಜ್ಜನ ಕೋವಿಯನ್ನು ನಾಲ್ಕು ಜನರ ಮುಂದೆ ಮೆರೆಸಲು ಹೊಡೆದರೆ ಮಾನ. ಕೊಲ್ಲುವ ಚರೆ ತುಂಬಿ ಬರಿಯ ಹೆದರಿಸಲೆಂದು ಹೇಳಿದರೆ ಮಾಯೆ. ಒಂದು ಗೊನೆ ಅಡಿಕೆಗಾಗಿ ಹೊಡೆದರೆ ಲೋಭ. ಬೇರಾವ ಉಪಕರಣವೂ ಈ ಭೇದಗಳನ್ನು ಇಷ್ಟು ಬಿಡಿಬಿಡಿಯಾಗಿ ಕಣ್ಣಿಗೆ ಕಾಣಿಸುವುದಿಲ್ಲ.

ಅದೇ ಅಧ್ಯಾಯದಲ್ಲಿ ಅಜೀವ ವಸ್ತುಗಳನ್ನು ಆಶ್ರಯಿಸಿದ ಆಸ್ರವದ ವಿಷಯವೂ ಇದೆ. ವಸ್ತುವನ್ನು ನಿರ್ಮಿಸುವುದು, ಇಡುವುದು, ಒಂದರೊಡನೊಂದು ಕೂಡಿಸುವುದು ಇವೂ ಅಧಿಕರಣಗಳೇ. ಒಂದು ವಸ್ತುವನ್ನು ನೋಡದೆ ಇಡುವುದು, ಅವಸರದಲ್ಲಿ ಇಡುವುದು, ಇಡಬಾರದ ಕಡೆ ಇಡುವುದು ಸಹ ದೋಷವೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಬಾಗಿಲ ಹಿಂದೆ ತುಂಬಿ ಒರಗಿಸಿಟ್ಟ ಕೋವಿಗೆ ಇದಕ್ಕಿಂತ ಸರಿಯಾಗಿ ಹೊಂದುವ ಮಾತು ಯಾವುದಿದೆ?

ನಮ್ಮ ಮನೆಯಲ್ಲಿ ನಡೆದದ್ದು

ಪರರಿಗೆ ಉಪದೇಶ ಹೇಳುವ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ನನ್ನ ಅಜ್ಜಯ್ಯನವರ ಕಾಲದಿಂದ ನಮ್ಮಲ್ಲಿ ಒಂದು ಕೇಪಿನ ಕೋವಿ ಇತ್ತು. ನಾನು ಹತ್ತು ಹನ್ನೊಂದು ವರ್ಷದವನಾಗಿದ್ದಾಗ, ಶ್ರಾವಣದಲ್ಲಿ ಹಂದಿ ಗದ್ದೆಗೆ ಇಳಿಯುತ್ತದೆಂದು ಅಜ್ಜಯ್ಯ ಅದಕ್ಕೆ ಈಡು ತುಂಬಿ ಇಟ್ಟಿದ್ದರು. ಆ ಸಲ ಹಂದಿ ಬರಲಿಲ್ಲ. ಕೋವಿ ತುಂಬಿದಂತೆಯೇ ಉಳಿಯಿತು.

ಭಾದ್ರಪದ ಶುದ್ಧ ಪಂಚಮಿ ಬಂದಿತು. ದಶಲಕ್ಷಣ ಪರ್ವದ ಮೊದಲ ದಿನ, ಉತ್ತಮ ಕ್ಷಮೆಯ ದಿನ. ಪರ್ವಕಾಲದಲ್ಲಿ ತುಂಬಿದ ಕೋವಿ ಮನೆಯೊಳಗೆ ಇರಬಾರದೆಂದು ಅಜ್ಜಯ್ಯನವರಿಗೆ ಅನ್ನಿಸಿತು. ಅನ್ನಿಸಿದ್ದು ಸರಿಯೇ. ಆದರೆ ಬಾಯಿಯಿಂದ ತುಂಬಿ ಗಿಡಿದ ಈಡನ್ನು ಹೊರಗೆ ತೆಗೆಯುವುದು ಸುಲಭವಲ್ಲ. ತಿರುಪುಮುಳ್ಳಿನ ಸರಳಿನಿಂದ ಉಂಡೆಯನ್ನು ಎಳೆದು ತೆಗೆಯುವ ಉಪಾಯವಿದೆ. ಅದು ನಮ್ಮ ಮನೆಯಲ್ಲಿ ಇರಲಿಲ್ಲ. ಆಳನ್ನು ಕರೆದು, ಅಂಗಳದಾಚೆ ಹೋಗಿ ಆಕಾಶಕ್ಕೆ ಹಾರಿಸಿ ಬಾ ಎಂದರು. ಅವನು ಹಲಸಿನ ಮರದ ನೆತ್ತಿಯ ಕಡೆ ನಳಿಗೆ ಎತ್ತಿ ಹಾರಿಸಿದ. ಹೊಗೆ ಚದುರುವ ಮೊದಲೇ ಒಂದು ಕೆಂಜಳಿಲು ಕೊಂಬೆಯಿಂದ ಕೊಂಬೆಗೆ ಬಡಿಯುತ್ತಾ ಕೆಳಗೆ ಬಿದ್ದಿತು. ಅದು ಅಲ್ಲಿದ್ದುದನ್ನು ಯಾರೂ ಕಂಡಿರಲಿಲ್ಲ.

ಅಜ್ಜಯ್ಯ ಅಂದು ಊಟ ಮಾಡಲಿಲ್ಲ, ಬಸದಿಗೂ ಹೋಗಲಿಲ್ಲ. ಮರುದಿನ ಕೋವಿಯನ್ನು ಬಿಸಿನೀರಿನಿಂದ ತೊಳೆದು, ಒರಸಿ, ಎಣ್ಣೆ ಹಾಕಿ ಅಟ್ಟಕ್ಕೆ ಏರಿಸಿದರು. ಅವರು ಬದುಕಿರುವವರೆಗೆ ಅದನ್ನು ಮತ್ತೆ ಮುಟ್ಟಲಿಲ್ಲ. ಆದರೆ ಅದನ್ನು ಮನೆಯಿಂದ ಹೊರಗೆ ಕಳುಹಿಸಲೂ ಇಲ್ಲ. ಅಪ್ಪಯ್ಯನವರ ಕಾಲದಲ್ಲಿ ಅದು ಅಟ್ಟದಿಂದ ಇಳಿಯಿತು. ಅವರು ತಾವಾಗಿ ಒಂದು ಈಡನ್ನೂ ಹಾರಿಸಿದವರಲ್ಲ. ಕೇಳಿದವರಿಗೆ ಎರವಲು ಕೊಡುತ್ತಿದ್ದರು.

ಈ ಘಟನೆಯಲ್ಲಿ ಅಜ್ಜಯ್ಯನವರಿಗೆ ಕೊಲ್ಲುವ ಇಚ್ಛೆ ಇರಲಿಲ್ಲ. ಹಿಂಸೆಯಿಂದ ದೂರವಾಗಬೇಕೆಂಬುದೇ ಅವರ ಇಚ್ಛೆಯಾಗಿತ್ತು. ಕೊಲ್ಲಲೆಂದು ತುಂಬಿದ ಈಡು, ಇಚ್ಛೆ ಬದಲಾದ ಮೇಲೂ ಕೊಂದೇ ಹೊರಬಿದ್ದಿತು. ಮನಸ್ಸನ್ನು ಹಿಂದಕ್ಕೆ ಪಡೆಯಬಹುದು. ಗಿಡಿದ ಈಡನ್ನು ಹಿಂದಕ್ಕೆ ಪಡೆಯಲು ಮನುಷ್ಯರು ಹಿಡಿಯುವ ದಾರಿ ಸಾಮಾನ್ಯವಾಗಿ ಬೆಂಕಿಯೊಂದೇ. ಆದುದರಿಂದ ನಿಲ್ಲಬೇಕಾದ ಸ್ಥಳ ಕೀಲಿನ ಬಳಿಯಲ್ಲ, ಮದ್ದಿನ ಬಳಿ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ತುಂಬಲು ಒಲ್ಲೆನೆಂದವರು

ತುಂಬುವ ಹಂತದಲ್ಲಿಯೇ ನಿಂತವರ ಉದಾಹರಣೆ ನಮ್ಮ ದೇಶದ ಚರಿತ್ರೆಯಲ್ಲಿದೆ. 1857ರಲ್ಲಿ ಎನ್‌ಫೀಲ್ಡ್ ಕೋವಿಯ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಅದಕ್ಕೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿ ದಂಡುಗಳಲ್ಲೆಲ್ಲ ಹರಡಿತು. ಅದೇ ವರ್ಷ ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಮಂದಿ ಸವಾರರಿಗೆ ತೋಟಾ ಕೊಟ್ಟಾಗ 85 ಮಂದಿ ಮುಟ್ಟಲಿಲ್ಲ. ಸೆರೆಮನೆಯ ಶಿಕ್ಷೆಗೆ ಒಳಗಾದರು. ಕಾಲಿಗೆ ಬೇಡಿ ಹಾಕಿಸಿಕೊಂಡರು.

ಅವರು ನಿರಾಕರಿಸಿದ್ದು ತೋಟಾಕ್ಕೆ ಸವರಿದ ಕೊಬ್ಬನ್ನು. ಅದಕ್ಕಾಗಿಯೇ ಅವರು ತಮ್ಮ ಅನ್ನವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡರು. ತೋಟಾದ ಹೊರಮೈಗೆ ಏನು ಹಚ್ಚಿದೆ ಎಂಬುದಕ್ಕಿಂತ ಅದರ ಒಳಗಿನ ಸೀಸ ಏನು ಮಾಡಲಿದೆ ಎಂಬುದನ್ನು ಕೇಳಬೇಕಾದವರು ನಾವು. ಕಟ್ಟುನಿಟ್ಟಿನ ಆಹಾರ ನಿಯಮಗಳನ್ನು ಪಾಲಿಸುತ್ತ, ಬೆಣ್ಣೆಯ ಕಾಲಮರ್ಯಾದೆಯನ್ನು ಎಣಿಸುತ್ತ, ಅದೇ ಕೈಯಿಂದ ಕೇಪನ್ನು ಕೂರಿಸುವುದು ಆಚಾರವೆನಿಸೀತೇ?

ಆಕ್ಷೇಪಗಳು

ಮೊದಲನೆಯ ಆಕ್ಷೇಪ ಬೆಳೆಗಾರರದು. ಅದೇ ಎಲ್ಲಕ್ಕಿಂತ ಗೌರವಕ್ಕೆ ಅರ್ಹವಾದುದು. ಹಳದಿ ಎಲೆ ರೋಗದಿಂದ ನಮ್ಮ ಮೂರು ತಾಲ್ಲೂಕುಗಳ ತೋಟಗಳು ಎಷ್ಟು ಸೊರಗಿವೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದ ಮರಗಳ ಎಳೆಯ ಅಡಿಕೆಯನ್ನು ಮಂಗಗಳು ಕಚ್ಚಿ ಉದುರಿಸುತ್ತವೆ. ಗದ್ದೆಯನ್ನು ಹಂದಿ ಉರುಳಾಡಿ ಕೆಡಿಸುತ್ತದೆ. ಕಾಟಿ ಬಂದರೆ ಬೇಲಿಯೇ ಇರುವುದಿಲ್ಲ. ನಾನೂ ಬೆಳೆಗಾರನೇ. ಅರ್ಧ ಎಕರೆ ತೋಟದಿಂದ ವರ್ಷವಿಡೀ ಬದುಕಬೇಕಾದ ಮನೆಯವರಿಗೆ ಅಹಿಂಸೆಯ ಉಪನ್ಯಾಸವನ್ನು ಬಿಟ್ಟಿಯಾಗಿ ಹೇಳುವುದು ಧರ್ಮವಲ್ಲವೆಂದು ಬಲ್ಲೆ.

ಆದರೆ ಹಿಂಸೆಯ ನಾಲ್ಕು ಭೇದಗಳನ್ನು ಬೆರೆಸಬಾರದು. ಉಳುವಾಗ, ಕೊಯ್ಯುವಾಗ ಆಗುವುದು ಉದ್ಯೋಗಿ ಹಿಂಸೆ. ಅಡಿಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭಿ ಹಿಂಸೆ. ಬೇರೆ ದಾರಿಯಿಲ್ಲದೆ ತನ್ನನ್ನೂ ಆಶ್ರಿತರನ್ನೂ ಕಾಪಾಡುವಾಗ ಆಗುವುದು ವಿರೋಧಿ ಹಿಂಸೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಅದನ್ನು ಅಣುವ್ರತಿಯಾದ ಶ್ರಾವಕನೂ ಪೂರ್ತಿಯಾಗಿ ಬಿಡಬೇಕು. ಕೊಂಬೆಯ ಮೇಲಿರುವ ಒಂದು ಮಂಗಕ್ಕೆ ಗುರಿ ಹಿಡಿಯುವುದು ಉಳುಮೆಯಂತಹ ಉದ್ಯೋಗಿ ಹಿಂಸೆಯಲ್ಲ. ಅದು ವಿರೋಧಿ ಹಿಂಸೆ ಎನ್ನುವವರು ಬೇರೆ ದಾರಿಗಳನ್ನೆಲ್ಲ ನಡೆದು ನೋಡಿದ್ದೇವೆಯೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಚುನಾವಣೆ ಬಂದಾಗ ನಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ವಾರಗಟ್ಟಲೆ ಅವು ಅಲ್ಲಿಯೇ ಇರುತ್ತವೆ. ಬೆಳೆಗಾರರು ಗೊಣಗುತ್ತಾರೆ, ನಿಜ. ಆದರೆ ಆ ವಾರಗಳಲ್ಲಿ ನಾವು ಏನು ಮಾಡುತ್ತೇವೆ? ಮುಂಜಾನೆ ಎದ್ದು ತೋಟ ಸುತ್ತುತ್ತೇವೆ, ತಗಡು ಬಡಿಯುತ್ತೇವೆ, ಕವಣೆ ಬೀಸುತ್ತೇವೆ, ನಾಯಿಯನ್ನು ಬಿಡುತ್ತೇವೆ. ಕಷ್ಟಪಟ್ಟಾದರೂ ತೋಟ ಉಳಿಯುತ್ತದೆ. ಕೋವಿ ಇದ್ದಾಗ ಉಳಿಯುವುದು ಮುಖ್ಯವಾಗಿ ನಮ್ಮ ಶ್ರಮ.

ಸದ್ದು ಮಾತ್ರ ಸಾಕಲ್ಲವೇ, ಚರೆಯಿಲ್ಲದೆ ಬರಿಯ ಮದ್ದು ಹಾರಿಸುತ್ತೇವೆ ಎಂಬವರಿದ್ದಾರೆ. ಅವರ ದೋಷ ಕಡಿಮೆಯೆಂಬುದನ್ನು ಒಪ್ಪುತ್ತೇನೆ. ಆದರೂ ಮಾಘ, ಫಾಲ್ಗುಣಗಳಲ್ಲಿ ಹಾರಿದ ಕತ್ತದ ಉಂಡೆ ಹೊಗೆಯಾಡುತ್ತಾ ತರಗೆಲೆಯ ಮೇಲೆ ಬೀಳುತ್ತದೆ. ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಹತ್ತಿದರೆ ಸಾಯುವ ಜೀವಿಗಳ ಲೆಕ್ಕವನ್ನು ಇಡಬಲ್ಲವರು ಯಾರು? ಮಂಗನ ಕಾಯಿಲೆಯ ವಿಷಯವನ್ನೂ ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ಜ್ವರ ನಮ್ಮ ತಾಲ್ಲೂಕುಗಳಿಗೂ ಬಂದಿದೆ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಸುತ್ತ ಹರಡುತ್ತವೆ. ಸೋಂಕು ತಗುಲಿದ ಮಂಗವನ್ನು ಹೊಡೆದು ತೋಟದಲ್ಲಿ ಬಿಟ್ಟವನು ತನ್ನ ಕೊಯ್ಲಿನ ಆಳುಗಳಿಗೇ ಅಪಾಯವನ್ನು ತರುತ್ತಾನೆ.

ಎರಡನೆಯ ಆಕ್ಷೇಪ ಪೂರ್ವಿಕರ ಹೆಸರಿನಲ್ಲಿ ಬರುತ್ತದೆ. ಚಾವುಂಡರಾಯ ಖಡ್ಗ ಹಿಡಿಯಲಿಲ್ಲವೇ? ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಯುದ್ಧ ಮಾಡಲಿಲ್ಲವೇ? ಮಾಡಿದರು. ಅವರು ರಾಜ್ಯದ ಹೊಣೆ ಹೊತ್ತವರು. ಆ ಹೊಣೆಯ ಭಾರದಲ್ಲಿ ನಡೆದದ್ದನ್ನು ಜಗಲಿಯ ಕೋವಿಗೆ ಸಾಕ್ಷಿ ತರುವುದು ಹೊಂದುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಸಾವಿರ ವರ್ಷಗಳ ಮೇಲೂ ಲೋಕ ಚಾವುಂಡರಾಯನನ್ನು ನೆನೆಯುವುದು ಅವನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಬಾಹುಬಲಿಯ ಮೂಲಕ. ಆ ಬಾಹುಬಲಿ ಯಾರು? ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ಅವುಗಳ ಕಾದಾಟವನ್ನು ಬಿಟ್ಟು ಅಣ್ಣನೊಡನೆ ದೃಷ್ಟಿ, ಜಲ, ಮಲ್ಲ ಯುದ್ಧಗಳನ್ನು ಮಾಡಿ, ಗೆದ್ದ ಕ್ಷಣದಲ್ಲಿಯೇ ಎಲ್ಲವನ್ನೂ ತೊರೆದವನು. ನಮ್ಮ ಘಟ್ಟದ ಕೆಳಗೆ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದೂ ಅವನನ್ನೇ. ನಮ್ಮ ಅರಸರೂ ದಂಡನಾಯಕರೂ ಬೆಟ್ಟದ ಮೇಲೆ ನಿಲ್ಲಿಸಲು ಆರಿಸಿಕೊಂಡದ್ದು ಕೈ ಇಳಿಬಿಟ್ಟು ನಿಂತವನನ್ನು.

ಮೂರನೆಯದು ಪರಂಪರೆಯ ವಾದ. ನಮ್ಮ ಕೋವಿ ಟಿಪ್ಪುವಿನ ಕಾಲದ್ದೆಂದು ಹೇಳಿಕೊಳ್ಳುವ ಮನೆಗಳಿವೆ. ಟಿಪ್ಪು ಸುಲ್ತಾನ ಮಡಿದದ್ದು 1799ರಲ್ಲಿ. ಕೇಪಿನ ಪದ್ಧತಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಮೇಲೆ ಕೀಲನ್ನು ಬದಲಾಯಿಸಿದ್ದಲ್ಲದೆ ಕೇಪಿನ ಕೋವಿ ಅವನ ಕಾಲದ್ದಾಗಲಾರದು. ಇರಲಿ, ನಿಜವಾಗಿಯೂ ಆ ಕಾಲದ್ದೇ ಎಂದಿಟ್ಟುಕೊಳ್ಳೋಣ. ಆ ಕಾಲದ ದಂಡುಗಳು ನಮ್ಮ ಸೀಮೆಯಲ್ಲಿ ಏನು ಮಾಡಿದವೆಂಬುದೂ ಪರಂಪರೆಯೇ. 1791ರಲ್ಲಿ ಮರಾಠಾ ಸೈನ್ಯದ ದಂಡೊಂದು ಶೃಂಗೇರಿಯ ಮಠವನ್ನು ಲೂಟಿ ಮಾಡಿ ಜನರನ್ನು ಕೊಂದಿತು. ಮಠಕ್ಕೆ ನೆರವು ಕಳುಹಿಸುತ್ತ ಟಿಪ್ಪು ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಸೈನಿಕರ ಕೋವಿಯನ್ನು ನೆನೆಯುವವರು ಅದರ ಮುಂದೆ ನಿಂತವರನ್ನೂ ನೆನೆಯಬೇಕು.

ಕೊಡವರ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದಲ್ಲಿ ಅವರು ಕೋವಿಯನ್ನು ಪೂಜಿಸುತ್ತಾರೆ. ಅದು ಅವರ ಕುಲಾಚಾರ. ಅದನ್ನು ನಿಂದಿಸುವ ಅಧಿಕಾರ ನಮಗಿಲ್ಲ. ನಮ್ಮ ಆಚಾರ್ಯರು ನಮಗೆ ಕೊಟ್ಟದ್ದು ಬೇರೆ. ಅವರು ಕೊಟ್ಟದ್ದು ಪಿಂಛಿ, ಕಮಂಡಲು ಮತ್ತು ಶಾಸ್ತ್ರ.

ಕಾಗದದ ಗುರಿಗೆ ಹೊಡೆದರೆ ಯಾವ ಜೀವ ಸಾಯುತ್ತದೆ ಎಂಬುದು ಹವ್ಯಾಸಿಗಳ ಪ್ರಶ್ನೆ. ಕಾಗದಕ್ಕೆ ಹೊಡೆಯುವುದು ಪ್ರಾಣಿವಧೆಗೆ ಸಮಾನವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಅಸತ್ಯವಾದೀತು. ಆದರೆ 1209ರಲ್ಲಿ ಜನ್ನ ಕವಿ ಬರೆದ ಯಶೋಧರ ಚರಿತೆಯನ್ನು ಓದಿದವರಿಗೆ ಹಿಟ್ಟಿನ ಕೋಳಿಯ ಕಥೆ ಗೊತ್ತು. ರಕ್ತವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿಯೂ ಭವಭವಗಳಲ್ಲಿ ತೊಳಲಿದರು. ಅಲ್ಲಿ ಕೆಟ್ಟದ್ದು ಹಿಟ್ಟಲ್ಲ, ಸಂಕಲ್ಪ. ಬರಿಯ ವೃತ್ತಕ್ಕೆ ಗುರಿ ಹಿಡಿಯುವವನ ಮನಸ್ಸು ಬೇರೆಯಿರಬಹುದು. ಮನುಷ್ಯಾಕೃತಿಯನ್ನೋ ಹಂದಿಯ ಚಿತ್ರವನ್ನೋ ನಿಲ್ಲಿಸಿ ಹೊಡೆದು ಸಂತೋಷಪಡುವವನು ಹಿಟ್ಟಿನ ಕೋಳಿಯನ್ನು ಕಡಿಯುತ್ತಿದ್ದಾನೆ. ಸೈನಿಕ ಕೋವಿಯಾದರೋ ಮನುಷ್ಯನನ್ನು ಕೊಲ್ಲಲೆಂದೇ ನಿರ್ಮಿತವಾದುದು. ಅದನ್ನು ತೊಳೆದು, ತುಂಬಿ, ಅದರ ಬಲವನ್ನು ಹೊಗಳುತ್ತ ಕಾಲ ಕಳೆಯುವುದನ್ನು ಅನರ್ಥದಂಡವಲ್ಲದೆ ಮತ್ತೇನೆಂದು ಕರೆಯಬೇಕು?

ಇನ್ನು ಬಸದಿಯಲ್ಲಿ ಆಯುಧವಿದ್ದರೆ ದೋಷವೇನು, ಸಿಂಹನಗದ್ದೆಯ ಜ್ವಾಲಾಮಾಲಿನಿ ದೇವಿಯ ಕೈಗಳಲ್ಲಿಯೂ ಆಯುಧಗಳಿಲ್ಲವೇ ಎಂದು ಆ ಸಭೆಯಲ್ಲಿ ಒಬ್ಬರು ಕೇಳಿದ್ದರು. ಜ್ವಾಲಾಮಾಲಿನಿ ಎಂಟನೆಯ ತೀರ್ಥಂಕರರಾದ ಚಂದ್ರಪ್ರಭ ಸ್ವಾಮಿ ಯವರ ಯಕ್ಷಿ. ಯಕ್ಷಿಯ ಕೈಯಲ್ಲಿ ಆಯುಧವಿದೆ. ಅವಳು ಸೇವಿಸುವ ಜಿನೇಶ್ವರರ ಕೈಯಲ್ಲಿ ಇಲ್ಲ. ನಾವು ಗರ್ಭಗೃಹದಲ್ಲಿ ಕೈಮುಗಿಯುವ ಬಿಂಬಗಳಲ್ಲಿ ಒಂದರ ಕೈಯಲ್ಲಿಯೂ ಇಲ್ಲ. ಮೋಕ್ಷಮಾರ್ಗದಲ್ಲಿ ನಾವು ಅನುಸರಿಸಬೇಕಾದುದು ಯಾರನ್ನು ಎಂಬುದರಲ್ಲಿ ಸಂಶಯವಿರಬಾರದು.

ಎರವಲು ಕೊಡುವ ಪಾಪ

ನಮ್ಮವರು ಹೆಚ್ಚಾಗಿ ಸಿಲುಕಿರುವುದು ಕೃತದಲ್ಲಿ ಅಲ್ಲ, ಕಾರಿತ ಮತ್ತು ಅನುಮೋದಿತಗಳಲ್ಲಿ. ತಾನಾಗಿ ಹೊಡೆಯುವ ಶ್ರಾವಕರು ವಿರಳ. ಕೋವಿಯನ್ನು ಬೇರೆಯವರಿಗೆ ಕೊಟ್ಟು, ಮದ್ದಿನ ಖರ್ಚನ್ನೂ ಕೊಟ್ಟು, ತೋಟಕ್ಕೆ ಕಳುಹಿಸಿ, ಆ ಹೊತ್ತಿಗೆ ತಾವು ಪೇಟೆಗೆ ಹೋಗುವವರು ವಿರಳರಲ್ಲ. ಹಿಂದಿರುಗಿ ಬಂದಾಗ ಕೆಲಸ ಮುಗಿದಿರುತ್ತದೆ. ಕೈ ಶುದ್ಧವಾಗಿದೆಯೆಂದು ಭಾವಿಸುತ್ತಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಹಿಂಸಾದಾನವನ್ನು ಪ್ರತ್ಯೇಕವಾಗಿ ಎಣಿಸಿದ್ದಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸಂಕೋಲೆ ಮುಂತಾದ ವಧೆಯ ಸಾಧನಗಳನ್ನು ಕೊಡುವುದೇ ಹಿಂಸಾದಾನ. ಕೋವಿಯ ಎರವಲಿಗೆ ಇದಕ್ಕಿಂತ ನೇರವಾದ ನಿಷೇಧ ಬೇಕೇ? ಅಪ್ಪಯ್ಯನವರು ಸತ್ಪುರುಷರಾಗಿದ್ದರು, ಆದರೂ ಈ ವಿಷಯದಲ್ಲಿ ಅವರು ಮಾಡಿದ್ದು ತಪ್ಪು. ಮಗನಾಗಿ ಇದನ್ನು ಬರೆಯಲು ಸಂಕೋಚವಿದೆ. ಬರೆಯದಿದ್ದರೆ ಇತರರಿಗೆ ಹೇಳುವ ಹಕ್ಕು ನನಗಿರುವುದಿಲ್ಲ.

ಕಾನೂನು ಸಹ ನಮ್ಮ ಸಡಿಲತನವನ್ನು ಒಪ್ಪುವುದಿಲ್ಲ. 1959ರ ಆಯುಧ ಅಧಿನಿಯಮದ 13ನೆಯ ಪ್ರಕರಣ ಬಾಯಿಯಿಂದ ತುಂಬುವ ಕೋವಿಗೆ ಪರವಾನಗಿಯನ್ನು ಹೇಳುವುದು ಪ್ರಾಮಾಣಿಕವಾದ ಪೈರು ರಕ್ಷಣೆಗಾಗಿ. ಅದು ಹಬ್ಬದ ಈಡಿಗೂ ಅಲ್ಲ, ಗೆಳೆಯರ ಮನರಂಜನೆಗೂ ಅಲ್ಲ. ಪರವಾನಗಿ ಇಲ್ಲದವನ ಕೈಗೆ ಬೇಟೆಗೆಂದು ಕೊಡಲು ಅದರಲ್ಲಿ ಆಸ್ಪದವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ಕೋವಿಯನ್ನು ಇಟ್ಟುಕೊಳ್ಳುವ ಪರವಾನಗಿ ಕಾಡುಪ್ರಾಣಿಯನ್ನು ಕೊಲ್ಲುವ ಪರವಾನಗಿಯಲ್ಲ. ಸರ್ಕಾರದ ಕಾಯ್ದೆಯೇ ಬೇಡವೆಂದದ್ದನ್ನು ಮಾಡಿ ಭಗವಂತರ ಶಾಸನದ ಅನುಯಾಯಿಗಳೆಂದು ಹೇಳಿಕೊಳ್ಳುವುದು ನಾಚಿಕೆಯ ಮಾತು.

ಮಾಡಬೇಕಾದುದು

ಕೋವಿ ಇರುವ ಶ್ರಾವಕ ಮನೆಗಳಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮೊದಲು, ಮನೆಯಲ್ಲಿರುವ ಕೋವಿ ತುಂಬಿದೆಯೋ ಖಾಲಿಯಿದೆಯೋ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಿರಿ. ಹಳೆಯ ಈಡು ವರ್ಷಗಟ್ಟಲೆ ನಳಿಗೆಯಲ್ಲಿ ಮರೆತುಹೋಗಿ ಉಳಿದಿರಬಹುದು. ಹಾರಿಸಿ ಖಾಲಿ ಮಾಡಲು ಹೋಗಬೇಡಿರಿ. ಯಜಮಾನರು ತೀರಿಕೊಂಡ ಮನೆಗಳಲ್ಲಿ ಪರವಾನಗಿಯನ್ನು ಮಗನ ಹೆಸರಿಗೆ ಮಾಡಿಸುವ ಮೊದಲು ಒಂದು ದಿನ ಕುಳಿತು ಆಲೋಚಿಸಿರಿ. ಇಟ್ಟುಕೊಳ್ಳುವ ಅಧಿಕಾರ ಮುಗಿದ ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಅದೇ ಅಧಿನಿಯಮದ 21ನೆಯ ಪ್ರಕರಣ ಹೇಳುತ್ತದೆ. ಒಪ್ಪಿಸಿ, ಮರಳಿ ತರದಿದ್ದರೆ ಆಯಿತು. ಅಜ್ಜನ ನೆನಪಿಗೆ ಬೇಕೇ ಬೇಕೆಂಬವರಿಗೂ ಮಾರ್ಗವಿದೆ. ಹಳೆಯ ಮಾದರಿಯದಾಗಿ, ದುರಸ್ತಿ ಮಾಡಿದರೂ ಹಾರಿಸಲಾಗದ ಆಯುಧಕ್ಕೆ ಈ ಅಧಿನಿಯಮ ಅನ್ವಯಿಸುವುದಿಲ್ಲವೆಂದು 45ನೆಯ ಪ್ರಕರಣದಲ್ಲಿದೆ. ಅಧಿಕಾರಿಗಳ ಒಪ್ಪಿಗೆಯಿಂದ, ಕ್ರಮಪ್ರಕಾರ ಅದನ್ನು ಹಾಗೆ ಶಾಶ್ವತವಾಗಿ ಕೆಡಿಸಿ, ಆಮೇಲೆ ಗೋಡೆಗೆ ತೂಗುಹಾಕಿರಿ. ಅದರ ಬಾಯಿ ಮುಚ್ಚಿದ ಮೇಲೆ ಅದು ಬರಿಯ ಕಬ್ಬಿಣ ಮತ್ತು ಮರ; ಅದರ ಮೇಲೆ ನನಗೆ ಯಾವ ಜಗಳವೂ ಇಲ್ಲ.

ವಿಶ್ವಸ್ತ ಮಂಡಳಿಗಳಿಗೆ ಹೇಳಬೇಕಾದ ಮಾತು ಸ್ವಲ್ಪ ಕಟುವಾಗಿದೆ. ಆಯುಧವನ್ನು ಕಾಣಿಕೆಯಾಗಿ ಸ್ವೀಕರಿಸುವುದಿಲ್ಲವೆಂದು ಒಂದು ಠರಾವು ಮಾಡಿರಿ. ಬಸದಿಯ ತೋಟವನ್ನು ಗೇಣಿಗೋ ಗುತ್ತಿಗೆಗೋ ಕೊಡುವಾಗ ಪ್ರಾಣಿವಧೆ ಕೂಡದೆಂಬ ಷರತ್ತನ್ನು ಬರೆಯಿರಿ. ಬಸದಿಯ ಫಸಲನ್ನು ಉಳಿಸಲು ಬೇರೆಯವನು ಈಡು ಹೊಡೆದರೆ ಆ ಫಸಲಿನ ಹಣದಿಂದ ನಡೆಯುವ ಅಭಿಷೇಕ ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಯೋಚಿಸಿರಿ.

ಬೆಳೆಗಾರನ ಕಷ್ಟಕ್ಕೆ ಹೆಗಲು ಕೊಡುವುದೂ ಮಂಡಳಿಗಳ ಕರ್ತವ್ಯ. ಪಂಚಕಲ್ಯಾಣದ ಕಮಾನಿಗೂ ಪೆಂಡಾಲಿಗೂ ನಾವು ಹಣ ಕೂಡಿಸುತ್ತೇವೆ. ಅದರಲ್ಲಿ ಒಂದು ಪಾಲನ್ನು ತೆಗೆದು, ನಾಲ್ಕೈದು ಸಣ್ಣ ತೋಟಗಳನ್ನು ಸೇರಿಸಿ ಸೌರ ಬೇಲಿ ಹಾಕಿಸಲು, ಸರದಿಯ ಕಾವಲಿಗೆ ಕೂಲಿ ಕೊಡಲು, ಅರಣ್ಯ ಇಲಾಖೆಯ ಪರಿಹಾರಕ್ಕಾಗಿ ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ಬಳಸಬಾರದೇಕೆ? ಅಹಿಂಸೆಯ ನಷ್ಟವನ್ನು ಬಡ ಶ್ರಾವಕನೊಬ್ಬನೇ ಹೊರಬೇಕು, ಅದರ ಕೀರ್ತಿ ಮಾತ್ರ ಸಮಾಜದ್ದೆಲ್ಲ ಎನ್ನುವುದು ನ್ಯಾಯವಲ್ಲ. ಅವನ ಕೈಯಿಂದ ಕೋವಿಯನ್ನು ಇಳಿಸಿರೆಂದು ಕೇಳುವ ನಾವು ಅವನ ತೋಟದ ಬೇಲಿಗೆ ಕೈ ಹಚ್ಚಬೇಕು.

ಅಪ್ಪಯ್ಯನವರು ತೀರಿಕೊಂಡ ಮೇಲೆ ನಮ್ಮ ಮನೆಯ ಕೋವಿಯನ್ನು ನಾನು ಠಾಣೆಗೆ ಒಪ್ಪಿಸಿದೆ. ಹೊರೆ ಇಳಿದಂತಾಯಿತೆಂದು ಹೇಳಿದರೆ ಸುಳ್ಳಾದೀತು. ಗೋಡೆಯ ಆ ಜಾಗ ಬಹುಕಾಲ ಬೋಳಾಗಿ ಕಾಣುತ್ತಿತ್ತು. ಮಂಗಗಳು ಈಗಲೂ ಬರುತ್ತವೆ. ಫಸಲಿನಲ್ಲಿ ಒಂದಷ್ಟು ಅವುಗಳ ಪಾಲಾಗುತ್ತದೆ. ಭಾದ್ರಪದ ಶುದ್ಧ ಪಂಚಮಿಯಂದು ಬಸದಿಗೆ ಹೊರಡುವಾಗ ಮನೆಯೊಳಗೆ ತುಂಬಿದ್ದು ಯಾವುದೂ ಇಲ್ಲವೆಂಬ ಭರವಸೆ ಮಾತ್ರ ನನಗಿದೆ. ಅಂದು ಸಭೆಯಲ್ಲಿ ಹೇಳಬೇಕಾಗಿದ್ದ "ಬೇಡ" ಎಂಬ ಮಾತನ್ನು ಮುಂದಿನ ಸಭೆಯಲ್ಲಿ ಎದ್ದುನಿಂತು ಹೇಳುವವನಿದ್ದೇನೆ. ಓದುಗ ಬಂಧುಗಳು ತಮ್ಮ ತಮ್ಮ ಊರಿನ ಸಭೆಗಳಲ್ಲಿ ಅದನ್ನು ಹೇಳಬೇಕೆಂದು ಕೋರುತ್ತೇನೆ.